ಹದಿನೆಂಟರ ಲೆಕ್ಕ

ಆಸೆಯೆಂಬುದು ಲೆಕ್ಕಕ್ಕೆ ಸಿಕ್ಕುವಂಥದಲ್ಲವೆಂದು ತಿಳಿದವರು ಹೇಳುತ್ತಾರೆ. ಕ್ರಿಕೆಟ್ ಆಟದ ಅಭಿಮಾನಿಯ ಮಟ್ಟಿಗೆ ಈ ಮಾತು ಸಲ್ಲುವುದಿಲ್ಲ. ಅವನ ಆಸೆಗೆ ಅಂಕಿಗಳುಂಟು. ದಶಾಂಶದ ಮೂರನೆಯ ಸ್ಥಾನದವರೆಗೂ ಅದನ್ನು ಬಿಡಿಸಿ ಹೇಳಬಲ್ಲ. ಅದರಲ್ಲಿಯೂ ಸೋಲುವ ತಂಡವನ್ನು ನಂಬಿಕೊಂಡವನ ಗಣಿತಜ್ಞಾನ ಅಗಾಧವಾದುದು. ಗೆಲ್ಲುವ ತಂಡದ ಅಭಿಮಾನಿಗೆ ಕೂಡುವ ಲೆಕ್ಕ ಬಂದರೆ ಸಾಕು. ಸೋಲುವ ತಂಡದವನಿಗೆ ಕಳೆಯುವುದು ಬರಬೇಕು, ಭಾಗಿಸುವುದು ಬರಬೇಕು, ತನಗೆ ಸಂಬಂಧವೇ ಇಲ್ಲದ ಎರಡು ತಂಡಗಳ ಪಂದ್ಯ ಮಳೆಯಿಂದ ನಿಂತುಹೋದರೆ ತನಗೆಷ್ಟು ಲಾಭವೆಂದು ಅಳೆಯುವುದೂ ಬರಬೇಕು.

ಇಂಥ ಗಣಿತಜ್ಞರಿಗೆ ಕರ್ನಾಟಕದಲ್ಲಿ ಕೊರತೆಯಿಲ್ಲ. 2008ರಲ್ಲಿ ಐಪಿಎಲ್ ಪಂದ್ಯಾವಳಿ ಮೊದಲಾದಂದಿನಿಂದ ಬೆಂಗಳೂರಿನ ರಾಯಲ್ ಚಾಲೆಂಜರ್ಸ್ ತಂಡವು ತನ್ನ ಅಭಿಮಾನಿಗಳಿಗೆ ಈ ವಿದ್ಯೆಯನ್ನು ತಪ್ಪದೆ ಕಲಿಸುತ್ತ ಬಂದಿತು. 2009ರಲ್ಲಿ ಅನಿಲ್ ಕುಂಬ್ಳೆಯವರ ನಾಯಕತ್ವದಲ್ಲಿ ಜೋಹಾನ್ಸ್‌ಬರ್ಗಿನ ಫೈನಲ್ ಪಂದ್ಯಕ್ಕೆ ಹೋಗಿ ಆರು ರನ್ನುಗಳಿಂದ ಸೋತಿತು. 2011ರ ಫೈನಲಿನಲ್ಲಿ ಚೆನ್ನೈಗೆ ಸೋತಿತು. 2016ರಲ್ಲಿ ಬೆಂಗಳೂರಿನ ತನ್ನ ಸ್ವಂತ ಅಂಗಳದಲ್ಲಿಯೇ ಹೈದರಾಬಾದಿಗೆ ಎಂಟು ರನ್ನುಗಳಿಂದ ಸೋತಿತು. ‘ಈ ಸಲ ಕಪ್ ನಮ್ದೇ’ ಎಂಬ ಘೋಷಣೆ ಮೊದಮೊದಲು ಹುಮ್ಮಸ್ಸಿನ ಮಾತಾಗಿದ್ದು, ಕ್ರಮೇಣ ಬೇರೆ ಊರಿನವರ ಹಾಸ್ಯಕ್ಕೆ ವಸ್ತುವಾಯಿತು. ಆದರೂ ಹೇಳುವವರು ಹೇಳುವುದನ್ನು ಬಿಡಲಿಲ್ಲ.

ಅಂಥವರಲ್ಲಿ ಇಂದೂರಿನ ಮಾಸ್ತರರೂ ಒಬ್ಬರು.

ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡ ತಾಲೂಕಿಗೆ ಸೇರಿದ ಇಂದೂರು, ಹುಬ್ಬಳ್ಳಿಯ ಬಯಲುಸೀಮೆಯೂ ಶಿರಸಿಯ ಮಲೆನಾಡೂ ಒಂದನ್ನೊಂದು ಮುಟ್ಟುವ ನೆಲದಲ್ಲಿದೆ. ಭತ್ತ, ಗೋವಿನಜೋಳಗಳ ಹೊಲಗಳು, ಅವುಗಳಾಚೆ ಸಾಗವಾನಿಯ ಕಾಡು. ಬೆಂಗಳೂರು ಸುಮಾರು ನಾನೂರು ಕಿಲೋಮೀಟರು ದೂರ. ಊರಿನ ಹುಡುಗರು ಮಾತ್ರ ಬೆನ್ನ ಮೇಲೆ ಹದಿನೆಂಟು ಎಂದು ಬರೆದ ಕೆಂಪು ಅಂಗಿಯನ್ನು ತೊಟ್ಟು ತಿರುಗುತ್ತಿರುತ್ತಾರೆ. ಅದು ವಿರಾಟ್ ಕೊಹ್ಲಿಯ ಅಂಗಿಯ ಸಂಖ್ಯೆಯೆಂದು ಹಾಲು ಹಾಕುವ ಅಜ್ಜಿಗೂ ಗೊತ್ತು.

ಮಾಸ್ತರರು ಗಣಿತ ಕಲಿಸಿ ನಿವೃತ್ತರಾದವರು. ಮನೆಯ ಜೊತೆಗೆ ಎರಡು ಎಕರೆ ಗದ್ದೆಯುಂಟು. ಅವರ ಕ್ರಿಕೆಟ್ ವ್ಯಸನ ಐಪಿಎಲ್‌ಗಿಂತ ಬಹಳ ಹಳೆಯದು. 1974ರಲ್ಲಿ ಅವರು ಹನ್ನೆರಡು ವರ್ಷದ ಬಾಲಕ. ಹದಿನೈದು ವರ್ಷ ಸತತವಾಗಿ ರಣಜಿ ಟ್ರೋಫಿಯನ್ನು ಇಟ್ಟುಕೊಂಡಿದ್ದ ಮುಂಬಯಿ ತಂಡವನ್ನು ಪ್ರಸನ್ನ, ಚಂದ್ರಶೇಖರ, ವಿಶ್ವನಾಥರ ಕರ್ನಾಟಕವು ಆ ವರ್ಷ ಸೆಮಿಫೈನಲಿನಲ್ಲಿ ಮಣಿಸಿತು. ಬಳಿಕ ಜಯಪುರದಲ್ಲಿ ರಾಜಸ್ಥಾನವನ್ನು ಗೆದ್ದು ಮೊಟ್ಟಮೊದಲ ಬಾರಿಗೆ ಟ್ರೋಫಿಯನ್ನು ತಂದಿತು. ರೇಡಿಯೋದಲ್ಲಿ ಆ ವಾರ್ತೆ ಕೇಳಿದ ದಿನವೇ ಬಾಲಕನಿಗೆ ಹುಚ್ಚು ಹಿಡಿಯಿತು. ಅದೇ ವರ್ಷದ ನವೆಂಬರಿನಲ್ಲಿ ಬೆಂಗಳೂರಿನ ಕ್ರೀಡಾಂಗಣದಲ್ಲಿ ಪ್ರಥಮ ಟೆಸ್ಟ್ ಪಂದ್ಯ ನಡೆದಾಗ, ನೆರೆಮನೆಯ ಜಗಲಿಯ ಮೇಲೆ ರೇಡಿಯೋಕ್ಕೆ ಕಿವಿ ಹಚ್ಚಿ ಕುಳಿತವನು ಊಟಕ್ಕೆ ಏಳಲಿಲ್ಲ. ಭಾರತ ವೆಸ್ಟ್ ಇಂಡೀಸಿಗೆ 267 ರನ್ನುಗಳಿಂದ ಸೋತಿತು. ಕಣ್ಣಿಗೆ ಕಾಣದ ಆಟವನ್ನು ಕಿವಿಯಿಂದ ನೋಡುವ ಸುಖ ಮಾತ್ರ ಅಂದಿನಿಂದ ಅವರ ಪಾಲಿಗೆ ಉಳಿಯಿತು.

“ಮಾಸ್ತರ, ಆ ತಂಡದಾಗ ನಮ್ಮ ಮಂದಿ ಎಷ್ಟ ಅದಾರ? ಕಪ್ಪಂತೂ ಇಲ್ಲ. ಸುಮ್ಮನ ಯಾಕ ಜೀವಾ ತೇಯ್ತೀರಿ?” ಎಂದು ನೆರೆಮನೆಯವರು ಒಮ್ಮೆ ಕೆಣಕಿದರು.

“ಕುಮಾರವ್ಯಾಸ ಹತ್ತ ಪರ್ವಕ್ಕ ನಿಲ್ಲಿಸಿದ. ಉಳಿದದ್ದನ್ನ ತಿಮ್ಮಣ್ಣ ಕವಿ ಬರೆದ. ಹಂಗಂತ ಗದುಗಿನ ಭಾರತ ಓದೂದನ್ನ ಯಾರರೆ ಬಿಟ್ಟಾರೇನು?” ಎಂದು ಮಾಸ್ತರರು ತಿರುಗಿ ಕೇಳಿದರು. ನೆರೆಮನೆಯವರಲ್ಲಿ ಉತ್ತರವಿರಲಿಲ್ಲ.

ಮಾಸ್ತರರ ಒಬ್ಬನೇ ಮಗ ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾನೆ. 2023ರ ದೀಪಾವಳಿಗೆ ಊರಿಗೆ ಬಂದವನು, ಗದ್ದೆಯನ್ನು ಮಾರಿ ಇಬ್ಬರೂ ತನ್ನೊಡನೆ ಬಂದಿರಬೇಕೆಂದು ಹಟ ಹಿಡಿದ. ತಂದೆ ಒಪ್ಪಲಿಲ್ಲ. ಮಾತಿಗೆ ಮಾತು ಬೆಳೆದು, ಆಡಬಾರದ ಒಂದೆರಡು ಮಾತುಗಳನ್ನು ಇಬ್ಬರೂ ಆಡಿದರು. ಹಬ್ಬ ಮುಗಿಯುವ ಮೊದಲೇ ಮಗ ಬಸ್ಸು ಹತ್ತಿದ. ಆಮೇಲೆ ಅವನ ಫೋನು ಪ್ರತಿರಾತ್ರಿ ಒಂಬತ್ತಕ್ಕೆ ತಾಯಿಗೆ ಬರುತ್ತಿತ್ತು. ತಂದೆಯ ಪಾಲಿಗೆ ಒಂದು ಪ್ರಶ್ನೆ ಮಾತ್ರ: “ಅಪ್ಪ ಮ್ಯಾಚ್ ನೋಡಾಕತ್ತಾರೇನು?” ತಂದೆಯ ಉತ್ತರವೂ ತಾಯಿಯ ಮೂಲಕವೇ ಹೋಗಬೇಕು: “ಬೌಲಿಂಗ್ ಸರಿ ಇಲ್ಲ ಅಂತ ಹೇಳು.” ಕ್ರಿಕೆಟ್ಟಿನ ಗಂಧವಿಲ್ಲದ ಆ ತಾಯಿ, ಇಬ್ಬರ ನಡುವೆ ರನ್ನು, ಓವರು, ವಿಕೆಟ್ಟುಗಳನ್ನು ಸಾಗಿಸುತ್ತ ಅಂಚೆಯವನ ಕೆಲಸ ಮಾಡಿದಳು.

ಹೀಗಿರುವಾಗ 2024ರ ಪಂದ್ಯಾವಳಿ ಬಂದಿತು. ಹತ್ತು ತಂಡಗಳು ತಲಾ ಹದಿನಾಲ್ಕು ಪಂದ್ಯಗಳನ್ನಾಡಿ, ಮೊದಲ ನಾಲ್ಕು ಸ್ಥಾನ ಪಡೆದವು ಪ್ಲೇಆಫ್ ಹಂತಕ್ಕೆ ಏರುವುದು ಕ್ರಮ. ಹಿಂದಿನ ವರ್ಷ ಬೆಂಗಳೂರು ತಂಡ ಕೊನೆಯ ಪಂದ್ಯದಲ್ಲಿ ಗುಜರಾತಿಗೆ ಸೋತು ಆ ಹಂತವನ್ನು ತಪ್ಪಿಸಿಕೊಂಡಿತ್ತು. ಈ ವರ್ಷವಂತೂ ಮೊದಲ ಎಂಟು ಪಂದ್ಯಗಳಲ್ಲಿ ಏಳನ್ನು ಸೋತಿತು. ಏಪ್ರಿಲ್ 15ರಂದು ಹೈದರಾಬಾದಿನವರು ಬೆಂಗಳೂರಿಗೇ ಬಂದು 287 ರನ್ನು ಹೊಡೆದು ಹೋದರು. ಏಪ್ರಿಲ್ 21ರಂದು ಕೋಲ್ಕತ್ತದಲ್ಲಿ ಸೋಲಿನ ಅಂತರ ಒಂದೇ ಒಂದು ರನ್ನು.

ಅಂದಿನಿಂದ ಒಂಬತ್ತು ಗಂಟೆಯ ಫೋನಿನಲ್ಲಿ ತಂದೆಯ ಪಾಲಿನ ಪ್ರಶ್ನೆ ನಿಂತುಹೋಯಿತು. ಕೇಳಲು ಏನಿತ್ತು? ತಾಯಿ ಎರಡು ದಿನ ಕಾದಳು, ಮೂರನೆಯ ದಿನ ತಾನೇ, “ನಿಮ್ಮ ಆಟ ಮುಗೀತೇನ್ರಿ?” ಎಂದು ಗಂಡನನ್ನು ಕೇಳಿದಳು. ಮಾಸ್ತರರು ಹಳೆಯ ಪಂಚಾಂಗದ ಹಿಂಬದಿಯಲ್ಲಿ ಏನೋ ಬರೆಯುತ್ತ, “ಇನ್ನೂ ಆರ ಪಂದ್ಯ ಅವ” ಎಂದರು. ಆರನ್ನೂ ಗೆದ್ದರೆ ಹದಿನಾಲ್ಕು ಅಂಕ. ಹದಿನಾಲ್ಕು ಅಂಕಕ್ಕೆ ಪ್ಲೇಆಫ್ ಸಿಕ್ಕೀತೇ? ಬೇರೆ ನಾಲ್ಕೈದು ತಂಡಗಳು ಹೇಳಿದಂತೆ ಕೇಳಿದರೆ ಸಿಕ್ಕೀತು. ಶಾಲೆಯಲ್ಲಿ ಯಾವ ಹುಡುಗನಾದರೂ ಇಷ್ಟು ‘ಆದರೆ’ಗಳುಳ್ಳ ಉತ್ತರ ಬರೆದಿದ್ದರೆ ಮಾಸ್ತರರು ಅವನಿಗೆ ಸೊನ್ನೆ ಕೊಡುತ್ತಿದ್ದರು.

ತಂಡ ಮಾತ್ರ ಗೆಲ್ಲತೊಡಗಿತು. ಏಪ್ರಿಲ್ 25ರಂದು ಹೈದರಾಬಾದಿನಲ್ಲಿ ಗೆದ್ದಿತು. ಗುಜರಾತನ್ನು ಎರಡು ಬಾರಿ ಸೋಲಿಸಿತು. ಪಂಜಾಬು, ದೆಹಲಿಗಳನ್ನೂ ಸೋಲಿಸಿತು. ಒಂದೊಂದು ಗೆಲುವಿಗೂ ಪಂಚಾಂಗದ ಹಿಂಬದಿಯಲ್ಲಿ ಒಂದೊಂದು ‘ಆದರೆ’ ಕಾಟು ಬಿದ್ದಿತು. ಫೋನಿನ ಪ್ರಶ್ನೆಯೂ ಮರಳಿ ಬಂದಿತು. ಈಗ ಅದು ಒಂದೇ ಸಾಲಿನದಲ್ಲ. “ಅಪ್ಪಗ ಕೇಳವ್ವಾ, ನೆಟ್ ರನ್ ರೇಟ್ ಎಷ್ಟ ಬೇಕಾಗ್ತದ?” ಎಂದು ಮಗ ಕೇಳುತ್ತಿದ್ದ. ತಾಯಿಗೆ ಇದನ್ನು ಸಾಗಿಸುವುದು ಕಠಿಣವಾಯಿತು. ತಂಡವೊಂದು ಇಡೀ ಪಂದ್ಯಾವಳಿಯಲ್ಲಿ ಒಂದು ಓವರಿಗೆ ಸರಾಸರಿ ಎಷ್ಟು ರನ್ನು ಹೊಡೆಯಿತು, ಎಷ್ಟು ಹೊಡೆಸಿಕೊಂಡಿತು, ಈ ಎರಡರ ನಡುವಿನ ವ್ಯತ್ಯಾಸವೇ ನೆಟ್ ರನ್ ರೇಟ್ ಎಂದು ಮಾಸ್ತರರು ಅವಳಿಗೆ ಅಕ್ಕಿ ಅಳೆಯುವ ಪಾವನ್ನು ಮುಂದಿಟ್ಟುಕೊಂಡು ವಿವರಿಸಿದರು. “ಬಂದದ್ದರಾಗ ಖರ್ಚ ಕಳೆದ್ರ ಉಳಿಯೂದು, ಅಷ್ಟ ಹೌದಲ್ಲೋ?” ಎಂದು ಅವಳು ಒಂದೇ ಮಾತಿನಲ್ಲಿ ಮುಗಿಸಿದಳು.

ಕಡೆಯ ಪಂದ್ಯ ಮೇ 18ರಂದು, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ, ಚೆನ್ನೈ ತಂಡದೊಡನೆ. ಚೆನ್ನೈಗೆ ಹದಿನಾಲ್ಕು ಅಂಕ, ಬೆಂಗಳೂರಿಗೆ ಹನ್ನೆರಡು. ಗೆದ್ದರೆ ಸಮಸಮ, ಆಗ ನೆಟ್ ರನ್ ರೇಟ್ ನೋಡಿ ತೀರ್ಮಾನ. ಮೊದಲು ಬ್ಯಾಟು ಮಾಡಿ ಇನ್ನೂರರ ಆಸುಪಾಸಿನಲ್ಲಿ ರನ್ನು ಹೊಡೆದರೆ, ಬೆಂಗಳೂರು ಕನಿಷ್ಠ ಹದಿನೆಂಟು ರನ್ನುಗಳ ಅಂತರದಿಂದ ಗೆಲ್ಲಬೇಕು. ಹದಿನೇಳರಿಂದ ಗೆದ್ದರೆ ಗೆದ್ದೂ ಸೋತಂತೆ. ತಾರೀಖು ಹದಿನೆಂಟು, ಕೊಹ್ಲಿಯ ಅಂಗಿ ಹದಿನೆಂಟು, ಬೇಕಾದ ಅಂತರ ಹದಿನೆಂಟು! ಇದು ಶುಭಶಕುನವೆಂದು ಊರಿನ ಹುಡುಗರೆಲ್ಲ ಕುಣಿದಾಡಿದರು. ಮಾಸ್ತರರೂ ಅಂದು ಗಣಿತವನ್ನು ಬದಿಗಿಟ್ಟು, “ಭಾರತದ ಪರ್ವ ಹದಿನೆಂಟು, ಗೀತೆಯ ಅಧ್ಯಾಯ ಹದಿನೆಂಟು” ಎಂದು ಸೇರಿಸಿದರು.

“ಯುದ್ಧನೂ ಹದಿನೆಂಟ ದಿವಸ. ಮುಗಿದ ಮ್ಯಾಲೆ ಉಳಿದವರು ಎಷ್ಟ ಮಂದಿ?” ಎಂದು ಹೆಂಡತಿ ಒಳಗಿನಿಂದ ಕೇಳಿದಳು. ಅವಳ ವಾದದಲ್ಲಿ ಇನ್ನೊಂದು ಅಂಶವೂ ಇತ್ತು. ಅದೇ ವರ್ಷದ ಮಾರ್ಚ್ 17ರಂದು ದೆಹಲಿಯಲ್ಲಿ, ಸ್ಮೃತಿ ಮಂಧಾನಾಳ ನಾಯಕತ್ವದ ಬೆಂಗಳೂರಿನ ಮಹಿಳಾ ತಂಡ ತಮ್ಮ ಪಂದ್ಯಾವಳಿಯ ಕಪ್ಪನ್ನು ಗೆದ್ದಾಗಿತ್ತು. “ಹೆಣ್ಣಮಕ್ಕಳು ತಂದ ಇಟ್ಟಾರ. ನೀವು ಇನ್ನೂ ಪಂಚಾಂಗ ಬರಕೋತ ಕೂತೀರಿ.” ಇದಕ್ಕೆ ಮಾಸ್ತರರಲ್ಲಿ ಉತ್ತರವಿರಲಿಲ್ಲ.

ಅಂದು ರಾತ್ರಿ ಆಟ ಮೊದಲಾಗಿ ಮೂರು ಓವರಿಗೆ 31 ರನ್ನಾಗುವಷ್ಟರಲ್ಲಿ ಬೆಂಗಳೂರಿನಲ್ಲಿ ಮಳೆ ಬಂದಿತು. ಪಂದ್ಯ ರದ್ದಾದರೆ ಒಂದೊಂದೇ ಅಂಕ. ಚೆನ್ನೈ ಒಳಗೆ, ಬೆಂಗಳೂರು ಹೊರಗೆ. ಮಾಸ್ತರರ ಫೋನು ಗಂಟೆ ಬಾರಿಸಿತು. ತಾಯಿಯ ಫೋನಲ್ಲ, ಅವರದೇ. ದೀಪಾವಳಿಯ ನಂತರ ಮೊದಲನೆಯ ಸಲ.

“ಅಪ್ಪಾ, ಓವರು ಕಡಿಮಿ ಮಾಡಿದ್ರ ಹದಿನೆಂಟರ ಲೆಕ್ಕ ಹ್ಯಾಂಗ?”

ಮಾಸ್ತರರ ಕೊರಳು ಒಂದು ಕ್ಷಣ ಕಟ್ಟಿತು. ಆಮೇಲೆ ಕನ್ನಡಕ ಏರಿಸಿಕೊಂಡು ಲೆಕ್ಕ ಹೇಳತೊಡಗಿದರು. ಹತ್ತು ಓವರಾದರೆ ಹೀಗೆ, ಹದಿನೈದಾದರೆ ಹೀಗೆ. ನೆಲದಡಿಯ ಕೊಳವೆಗಳಿಂದ ನೀರನ್ನು ಹೀರುವ ವ್ಯವಸ್ಥೆ ಆ ಮೈದಾನದಲ್ಲಿರುವುದರಿಂದ ಭಯವಿಲ್ಲವೆಂದು ಮಗ ಧೈರ್ಯ ಹೇಳಿದ. ಹಾಗೆಯೇ ಆಯಿತು. ಮಳೆ ನಿಂತಿತು, ಓವರು ಒಂದೂ ಕಡಿಮೆಯಾಗಲಿಲ್ಲ. ಕೊಹ್ಲಿ 47, ನಾಯಕ ಡುಪ್ಲೆಸಿ 54, ಪಾಟೀದಾರ 41, ಗ್ರೀನ್ 38. ಒಟ್ಟು ಐದು ವಿಕೆಟ್ಟಿಗೆ 218. ಚೆನ್ನೈ ಗೆಲ್ಲಲು 219 ಬೇಕು. ಸೋತೂ ಪ್ಲೇಆಫಿಗೆ ಹೋಗಲು 201 ಸಾಕು. ಫೋನು ಇಡುವುದನ್ನು ತಂದೆಯೂ ಮಗನೂ ಮರೆತೇಬಿಟ್ಟರು.

ಚೆನ್ನೈ ನಾಯಕ ಮೊದಲ ಚೆಂಡಿಗೇ ಔಟಾದರೂ ಆಟ ಕೊನೆಯವರೆಗೆ ಎಳೆಯಿತು. ಹತ್ತೊಂಬತ್ತು ಓವರು ಮುಗಿದಾಗ 184. ಉಳಿದದ್ದು ಒಂದು ಓವರು, ಬೇಕಾದದ್ದು ಹದಿನೇಳು. ಬ್ಯಾಟು ಹಿಡಿದು ನಿಂತವನು ಧೋನಿ. ಅಷ್ಟರಲ್ಲಿ ಇಂದೂರಿನ ಮೇಲೆ ಗುಡುಗು ಕೂಡಿಬಂದು, ಗಾಳಿ ಬೀಸಿ, ಕರೆಂಟು ಹೋಯಿತು. ಊರು ಕತ್ತಲಾಯಿತು. ಬೀದಿಯಲ್ಲಿ ಹುಡುಗರು ಹಾಹಾಕಾರ ಮಾಡಿದರು.

“ಟೀವಿ ಹೋತೋ!” ಎಂದರು ಮಾಸ್ತರರು.

“ನಾ ಹೇಳ್ತೇನಿ, ಕೇಳ್ರಿ ಅಪ್ಪಾ.”

ಕತ್ತಲಲ್ಲಿ ಅವರು ಫೋನನ್ನು ಕಿವಿಗೆ ಒತ್ತಿ ಹಿಡಿದು ಕುಳಿತರು. ಹನ್ನೆರಡು ವರ್ಷದ ಹುಡುಗ ನೆರೆಮನೆಯ ಜಗಲಿಯ ಮೇಲೆ ಕುಳಿತಿದ್ದಂತೆಯೇ. ಯಶ್ ದಯಾಳ ಓಡಿ ಬಂದ. ಮೊದಲ ಚೆಂಡು: ಸಿಕ್ಸರು, ಚೆಂಡು ಮೈದಾನದ ಹೊರಗೇ ಹೋಯಿತು. ಮಗನ ದನಿ ಇಳಿಯಿತು. ಇನ್ನು ಐದು ಚೆಂಡು, ಹನ್ನೊಂದು ರನ್ನು. ಎರಡನೆಯ ಚೆಂಡಿಗೆ ಮಗ ಏನು ಹೇಳಿದನೋ ತಿಳಿಯಲಿಲ್ಲ, ಬರೀ ಕೂಗು ಕೇಳಿಸಿತು. “ಏನಾತೋ? ಏನಾತು ಹೇಳೋ!” ಧೋನಿ ಔಟು! ಮೂರನೆಯದು ಖಾಲಿ. ನಾಲ್ಕನೆಯದಕ್ಕೆ ಒಂದು ರನ್ನು. ಐದನೆಯದು ಖಾಲಿ. ಆರನೆಯದೂ ಖಾಲಿ. ಚೆನ್ನೈ 191. ಇಪ್ಪತ್ತೇಳು ರನ್ನುಗಳ ಜಯ. ಬೆಂಗಳೂರಿಗೂ ಚೆನ್ನೈಗೂ ನಡುವೆ ಕಡೆಗುಳಿದ ಅಂತರ 0.459 ಮತ್ತು 0.392. ಒಂದು ದಶಮಾಂಶಕ್ಕೂ ಕಡಿಮೆ.

ತಾಯಿ ಕಂದೀಲು ಹಚ್ಚಿ ತಂದಳು. ಗಂಡನ ಕಣ್ಣಲ್ಲಿ ನೀರು ಕಂಡು, “ಸೋತರೇನ್ರಿ?” ಎಂದು ಗಾಬರಿಯಿಂದ ಕೇಳಿದಳು.

ವಿವೇಕಿಗಳು ಇಲ್ಲೊಂದು ಪ್ರಶ್ನೆ ಕೇಳಬಹುದು. ಇಷ್ಟೆಲ್ಲ ಆದದ್ದು ಯಾವುದಕ್ಕಾಗಿ? ಕಪ್ಪು ಗೆದ್ದದ್ದೇ? ಅಲ್ಲ. ನಾಲ್ಕು ತಂಡಗಳಲ್ಲಿ ಒಂದಾಗಿ ಇನ್ನೊಂದು ಪಂದ್ಯ ಆಡುವ ಅರ್ಹತೆ ದೊರಕಿತು, ಅಷ್ಟೇ. ನಾಲ್ಕು ದಿನ ಕಳೆದು ಮೇ 22ರಂದು ಅಹಮದಾಬಾದಿನಲ್ಲಿ ರಾಜಸ್ಥಾನ ತಂಡ ಬೆಂಗಳೂರನ್ನು ನಾಲ್ಕು ವಿಕೆಟ್ಟುಗಳಿಂದ ಸೋಲಿಸಿತು. ಆ ಅರ್ಹತೆಯೂ ತೀರಿತು. ಲೋಕದ ಲೆಕ್ಕದಲ್ಲಿ ಇದು ಸೊನ್ನೆಯೇ. ಆದರೆ ಅಭಿಮಾನಿಯು ಬೇಡುವುದು ಗೆಲುವನ್ನೆಂಬ ತಿಳಿವಳಿಕೆಯಲ್ಲಿಯೇ ಒಂದು ತಪ್ಪಿದೆ. ಅವನು ಬೇಡುವುದು ಇನ್ನೊಂದು ಸಂಜೆಯನ್ನು. ಯಾರೊಡನೆಯೋ ಕೂಡಿ ಕಾಯುವ ಅವಕಾಶವನ್ನು. ಇಂದೂರಿನ ಮನೆಯಲ್ಲಿ ಆ ನಾಲ್ಕು ದಿನವೂ ಫೋನು ನೇರವಾಗಿ ತಂದೆಗೇ ಬಂದಿತು. ಸೋತ ರಾತ್ರಿಯೂ ಬಂದಿತು. ಗದ್ದೆಯ ಮಾತನ್ನು ಇಬ್ಬರೂ ಎತ್ತಲಿಲ್ಲ. ಆದರೆ ಆ ಮಳೆಗಾಲದ ನಾಟಿಗೆ ಮಗ ಎರಡು ದಿನ ರಜೆ ಹಾಕಿ ಊರಿಗೆ ಬಂದ.

ಮರುವರ್ಷ ಕಪ್ಪೂ ಬಂದಿತು. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ, ಪಂದ್ಯಾವಳಿಯ ಹದಿನೆಂಟನೆಯ ವರ್ಷದಲ್ಲಿ, ರಜತ್ ಪಾಟೀದಾರನ ನಾಯಕತ್ವದ ಬೆಂಗಳೂರು ಪಂಜಾಬನ್ನು ಆರು ರನ್ನುಗಳಿಂದ ಗೆದ್ದಿತು. 2009ರಲ್ಲಿ ಸೋತ ಅಂತರವೂ ಆರೇ ಎಂದು ಮಾಸ್ತರರು ಮಗನಿಗೆ ನೆನಪಿಸಿದರು. 2010ರ ಜನವರಿಯಲ್ಲಿ ಮೈಸೂರಿನ ರಣಜಿ ಫೈನಲಿನಲ್ಲಿ, ಮನೀಷ್ ಪಾಂಡೆ 144 ಹೊಡೆದರೂ ಕರ್ನಾಟಕ ಮುಂಬಯಿಗೆ ಸೋತ ಅಂತರವೂ ಆರು. “ಎರಡ ಆರರ ಸಾಲ ಇತ್ತು, ಒಂದ ಆರು ತೀರಿತು” ಎಂದು ನಕ್ಕರು. ಇಂದೂರಿನಲ್ಲಿ ಪಟಾಕಿ ಹಾರಿದವು.

ಮರುದಿನ ಸಂಜೆ ವಿಜಯೋತ್ಸವಕ್ಕೆಂದು ಬೆಂಗಳೂರಿನ ಕ್ರೀಡಾಂಗಣದ ಬಳಿ ಜನಸಾಗರ ಸೇರಿತು. ನೂಕುನುಗ್ಗಲಾಯಿತು, ಹನ್ನೊಂದು ಮಂದಿ ಪ್ರಾಣ ಬಿಟ್ಟರು. ಹೆಚ್ಚಿನವರು ಎಳೆಯ ವಯಸ್ಸಿನವರು. ಕಚೇರಿ ಬಿಟ್ಟು ಅಲ್ಲಿಗೇ ಹೋಗುವೆನೆಂದು ಮಗ ಬೆಳಿಗ್ಗೆ ಹೇಳಿದ್ದ. ಟೀವಿಯಲ್ಲಿ ಸುದ್ದಿ ಬಂದಾಗಿನಿಂದ ಮಾಸ್ತರರು ಫೋನು ಮಾಡುತ್ತಲೇ ಇದ್ದರು. ಅತ್ತ ಗಂಟೆಯೇ ಆಗುತ್ತಿರಲಿಲ್ಲ. ಟೀವಿಯಲ್ಲಿ ಸತ್ತವರ ಸಂಖ್ಯೆ ಏರುತ್ತಿತ್ತು. ಮೂರು, ಏಳು, ಹನ್ನೊಂದು. ಜೀವಮಾನವೆಲ್ಲ ಅಂಕಿಗಳೊಡನೆ ಆಡಿದ ಆ ಮನುಷ್ಯ ಅಂದು ಅಂಕಿಯನ್ನು ನೋಡಲಾರದೆ ಟೀವಿ ಆರಿಸಿ ಅಂಗಳಕ್ಕೆ ಬಂದು ನಿಂತರು. ಹೆಂಡತಿ ದೇವರ ಮುಂದೆ ಕುಳಿತವಳು ಏಳಲಿಲ್ಲ. ಒಂದು ವರ್ಷದ ಹಿಂದೆ ಅವಳು ಆಡಿದ ಹದಿನೆಂಟು ದಿನಗಳ ಯುದ್ಧದ ಮಾತು ಇಬ್ಬರಿಗೂ ನೆನಪಿಗೆ ಬಂದಿತ್ತು. ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ.

ಎಂಟೂವರೆಗೆ ಫೋನು ಬಂದಿತು. ಮೆಟ್ರೋ ನಿಲ್ದಾಣದಿಂದ ಮೇಲೆ ಬಂದವನು ಜನರನ್ನು ನೋಡಿ, ಹೆದರಿ, ನಡೆದುಕೊಂಡೇ ಮನೆಗೆ ಹಿಂದಿರುಗಿದ್ದ. ದಾರಿಯುದ್ದಕ್ಕೂ ಫೋನು ಹತ್ತಿರಲಿಲ್ಲ. ಮಾಸ್ತರರು ಕಪ್ಪಿನ ಮಾತನ್ನೆತ್ತಲಿಲ್ಲ. “ಊಟ ಮಾಡಿದೇನೋ?” ಎಂದು ಕೇಳಿದರು. ಇಲ್ಲವೆಂದ. “ಮೊದಲ ಊಟ ಮಾಡು. ಆಮ್ಯಾಲೆ ಮಾತಾಡೂಣು” ಎಂದರು.

ಆ ಹನ್ನೊಂದು ಮನೆಗಳಲ್ಲಿಯೂ ಅಂದು ಯಾರೋ ಹೀಗೆಯೇ ಫೋನು ಹಿಡಿದು ಕುಳಿತಿದ್ದರು. ಅವರಿಗೆ ಉತ್ತರ ಬರಲಿಲ್ಲ. ಇದನ್ನು ನೆನೆದಾಗ ಆಟದ ಮೇಲಿನ ಮೋಹವೇ ವ್ಯರ್ಥವೆನಿಸುವುದು ಸಹಜ. ಮಾಸ್ತರರಿಗೂ ಕೆಲವು ದಿನ ಹಾಗೆನಿಸಿತು. ಪಂಚಾಂಗದ ಹಿಂಬದಿ ಬಹಳ ದಿನ ಖಾಲಿಯಾಗಿಯೇ ಇದ್ದಿತು. ಆದರೆ ಸಾವಿಗೆ ಕಾರಣವಾದದ್ದು ಮೋಹವಲ್ಲ. ಮೋಹಕ್ಕೆ ಸಾಲದಷ್ಟು ಕಿರಿದಾಗಿದ್ದ ದಾರಿ. ಜನ ಅಲ್ಲಿಗೆ ಹೋದದ್ದು ಸಾಯಲೆಂದಲ್ಲ, ಹದಿನೆಂಟು ವರ್ಷ ಜೊತೆಗೂಡಿ ಕಾದದ್ದನ್ನು ಜೊತೆಗೂಡಿ ಮುಗಿಸಲೆಂದು.

ಕಪ್ಪು ಒಂದು ಕಪಾಟಿನಲ್ಲಿ ಇದ್ದುಕೊಳ್ಳುವ ವಸ್ತು. ಅದನ್ನು ಗೆದ್ದ ರಾತ್ರಿಯನ್ನು ಮಾಸ್ತರರು ಈಗ ಹೆಚ್ಚು ಹೇಳುವುದಿಲ್ಲ. ಯಾರಾದರೂ ಕೇಳಿದರೆ ಅವರು ಹೇಳುವುದು ಅದರ ಹಿಂದಿನ ವರ್ಷದ ಮೇ 18ನ್ನು. ಕರೆಂಟಿರಲಿಲ್ಲ, ಕಪ್ಪಿರಲಿಲ್ಲ, ಆರು ಚೆಂಡುಗಳಿದ್ದವು, ಅವನ್ನು ಒಂದೊಂದಾಗಿ ಹೇಳುವ ಮಗನ ದನಿಯಿದ್ದಿತು. ಇಷ್ಟಾದರೆ ಲಾಭವೆಷ್ಟು, ಖರ್ಚೆಷ್ಟು ಎಂದು ಕೇಳಿದರೆ ಗಣಿತದ ಮಾಸ್ತರರಿಗೂ ಹೇಳಲು ಬರುವುದಿಲ್ಲ.